ಅಣ್ಣನ ಆರು ಜೊತೆ ಶೂ ಮತ್ತು ನೀವು ಮುಚ್ಚಿದ ಕಡತ

ಮಾನ್ಯ ಆಸ್ಪತ್ರೆಯ ಅಧೀಕ್ಷಕರೇ, ಮೊಹರಿನ ಒಡೆಯರೇ,

"ಯಶಸ್ವಿ. ಕಡತ ಮುಕ್ತಾಯ." ನನ್ನ ಅಣ್ಣನ ಚೀಟಿಯ ಮೇಲೆ ನಿಮ್ಮ ಕಚೇರಿ ಒತ್ತಿದ ಈ ಮೊಹರಿನ ವಿರುದ್ಧವೇ ನನ್ನ ದೂರು. ಕಡತ ಮುಗಿಯಿತು, ಕಾಲಿನ ಕಥೆ ಮುಗಿದಿರಲಿಲ್ಲ!

ಅಣ್ಣ ಶೂ ಹೊಲಿಯುವವನು. ನಾಲ್ಕು ವರ್ಷದ ಹಿಂದೆ ಅವನ ಎರಡೂ ತೊಡೆಗಳ ರಕ್ತನಾಳ ಕಟ್ಟಿಕೊಂಡಾಗ ನಿಮ್ಮ ವೈದ್ಯರು ಸ್ಟೆಂಟ್ ಎಂಬ ಲೋಹದ ಜಾಲರಿ ನಳಿಗೆ ಕೂರಿಸಿ ದಾರಿ ಬಿಡಿಸಿದರು. ಆ ಕೈಗಳಿಗೆ ಇಂದಿಗೂ ನಮಸ್ಕಾರ. ವರ್ಷದ ತಪಾಸಣೆಯಲ್ಲಿ ಎಲ್ಲ ಸರಿಯಿತ್ತು. ನೀವು ಮೊಹರೊತ್ತಿ ಪರದೆ ಎಳೆದಿರಿ. ಆ ನಳಿಗೆಯೊಳಗೇ ಮಾಂಸ ಬೆಳೆದು, ವರ್ಷಗಳ ಮೇಲೆ ದಾರಿ ಮತ್ತೆ ಕಿರಿದಾಗಬಹುದೆಂದು ಒಬ್ಬರಾದರೂ ಬಾಯಿಬಿಟ್ಟರೇ?

ಮೂರನೇ ವರ್ಷ ಎಡ ಮೀನಖಂಡ ಹಿಡಿಯತೊಡಗಿತು. ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಮೂರು ಕಡೆ ನಿಲ್ಲುತ್ತಿದ್ದ. ಆಸ್ಪತ್ರೆಗೆ ಹೋಗೋಣವೆಂದರೆ ಚೀಟಿ ತೆಗೆದು ಮುಖಕ್ಕೆ ಹಿಡಿಯುತ್ತಿದ್ದ: "ಓದೋ, ಯಶಸ್ವಿ ಅಂತ ಬರೆದಿದ್ದಾರೆ. ತಪ್ಪು ಕಾಲಿಂದಲ್ಲ ಕಣೋ, ಅಟ್ಟೇದು." ನಿಮ್ಮ ಮೊಹರನ್ನು ನಂಬಿ ತನ್ನ ಕಸುಬನ್ನೇ ಅನುಮಾನಿಸಿದ! ಮೆತ್ತನೆಯ ಅಟ್ಟೆ ಹಾಕಿ ಒಂದು ಜೊತೆ ಹೊಲಿದ. ಹಿಮ್ಮಡಿ ಎತ್ತರಿಸಿ ಇನ್ನೊಂದು. ಹೀಗೆ ಆರು ಜೊತೆ. ಅತ್ತಿಗೆ ಛೇಡಿಸಿದರು: "ಮದುವೇಲೂ ಇಷ್ಟು ಶೃಂಗಾರ ಇರ್ಲಿಲ್ಲ, ಈಗ ಯಾರನ್ನ ನೋಡೋಕೆ ಹೊರಟಿದ್ದೀರಿ?" ನಾವೆಲ್ಲ ನಕ್ಕೆವು. ಆರನೆಯ ಜೊತೆ ಮುಗಿಯುವ ಹೊತ್ತಿಗೆ ಎಡಗಾಲಿನ ಬೆರಳುಗಳು ಕಪ್ಪಾಗಿದ್ದವು. ತುರ್ತಾಗಿ ಬೇರೊಂದು ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಕತ್ತರಿಸಿದರು.

ಬಲಗಾಲಲ್ಲೂ ಅದೇ ಸ್ಟೆಂಟ್ ಇದೆ, ಸ್ವಾಮಿ. ಅದನ್ನಾದರೂ ನೋಡಿ ಎಂದು ಕಳೆದ ಸೋಮವಾರ ಗಾಲಿಕುರ್ಚಿ ತಳ್ಳಿಕೊಂಡು ನಿಮ್ಮಲ್ಲಿಗೆ ಬಂದೆ. ಕಿಟಕಿಯ ಗುಮಾಸ್ತರು ತಲೆಯೆತ್ತಲಿಲ್ಲ. "ಫೈಲ್ ಕ್ಲೋಸ್ ಆಗಿದೆ. ನೋವಿದ್ರೆ ಮಾತ್ರ ಹೊಸ ಚೀಟಿ. ನೋವಿದೆಯಾ?"

ಅಣ್ಣ ಮೆಲ್ಲಗೆ ಹೇಳಿದ: "ಇಲ್ಲ ಸಾರ್. ನಡೆದ್ರೆ ತಾನೇ ನೋಯೋದು?"

ಅವರು ನಮ್ಮನ್ನು ಕಳಿಸಿಬಿಟ್ಟರು. ಎಂಥ ದರ್ಬಾರು ನಿಮ್ಮದು! ಇನ್ನೊಂದು ಕಾಲೂ ಕಪ್ಪಾಗಿ ಸಾಕ್ಷಿ ಹೇಳಬೇಕೇ?

ಬಲಗಾಲಿನ ಕಡತವನ್ನು ಇಂದೇ ತೆರೆಯಿರಿ. ಸ್ಟೆಂಟ್ ಹಾಕಿಸಿಕೊಂಡ ಪ್ರತಿಯೊಬ್ಬರನ್ನೂ ವರ್ಷಕ್ಕೊಮ್ಮೆ ಕರೆದು ರಕ್ತದ ಹರಿವು ನೋಡಿ. ಆ ಮೊಹರಿನ ಜಾಗದಲ್ಲಿ ಒಂದೇ ಸಾಲು ಬರೆಯಿಸಿ: "ನಡಿಗೆ ಕುಗ್ಗಿದರೆ ಶೂ ಬದಲಿಸಬೇಡಿ, ಬನ್ನಿ."

ಅಣ್ಣ ಈಗ ಏಳನೆಯದನ್ನು ಹೊಲಿಯುತ್ತಿದ್ದಾನೆ. ಬಲಗಾಲಿನದೊಂದೇ.

ಇಂತಿ,
ಎಡಗಾಲಿನ ಆರು ಶೂಗಳನ್ನು ಎಲ್ಲಿಡುವುದೆಂದು ತಿಳಿಯದ
ತಮ್ಮ