ಹಾರನ್ನಿನ ಕೋಟು

ಹದಿನೇಳನೇ ತಾರೀಕು, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ನಾನೂ ಇವರೂ ಆರೋಗ್ಯವಾಗಿದ್ದೇವೆ. ನಿನ್ನ ಎರಡೂ ಕಾಗದ ತಲುಪಿದವು. ಉತ್ತರ ಬರೆಯಲು ಮೂರು ವಾರ ತಡ ಮಾಡಿದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ. ಹೊಲಿಗೆ ಕೆಲಸ ಜಾಸ್ತಿ ಇತ್ತು ಎಂದು ಬರೆದು ಎರಡು ಸಲ ಹರಿದೆ, ಏಕೆಂದರೆ ಕೆಲಸ ಎಂದಿನಷ್ಟೇ ಇದೆ. ಫೋನ್ ಮಾಡೋಣ ಎಂದರೆ ನಿನ್ನ ದನಿ ಕೇಳಿದ ಕೂಡಲೇ ಎಲ್ಲ ಸರಿಯಾಗಿದೆ ಅಂದುಬಿಡುತ್ತೇನೆ. ಚಿಕ್ಕಂದಿನಿಂದ ನನ್ನ ಚಾಳಿ ಅದು, ನಿನಗೆ ಗೊತ್ತಲ್ಲ.

ಮೊದಲು ಇದನ್ನು ಓದಿಕೋ: ಹಾರನ್ ಬದುಕಿದ್ದಾನೆ. ಈಗ ಹೊಲಿಗೆ ಯಂತ್ರದ ಪೆಡಲಿನ ಪಕ್ಕ ಮಲಗಿದ್ದಾನೆ. ಒಂದೊಂದು ಸಾಲು ಬರೆದಾಗಲೂ ಬಗ್ಗಿ, ಹೊಟ್ಟೆ ಆಡುತ್ತಿದೆಯೇ ಎಂದು ನೋಡುತ್ತಿದ್ದೇನೆ. ಆಡುತ್ತಿದೆ.

ಡಿಪೋದಲ್ಲಿ ಬಸ್ಸನ್ನೂ ನನ್ನ ಮನೆಯಲ್ಲಿ ಅವನನ್ನೂ ಒಪ್ಪಿಸಿ ನೀನು ಆಸ್ಪತ್ರೆಗೆ ಹೊರಟಾಗ ಅವನು ಎರಡು ಕಿಲೋ ಎಂಟುನೂರು ಗ್ರಾಂ ಇದ್ದ. ಇಷ್ಟುದ್ದದ ಪ್ರಾಣಿ, ಬೊಗಳಿದರೆ ಇಡೀ ಬೀದಿ ದಾರಿ ಬಿಡಬೇಕು. ಅದಕ್ಕೇ ತಾನೇ ನೀನು ಹಾರನ್ ಎಂದು ಕರೆದದ್ದು. ಎರಡನೇ ವಾರದಿಂದ ತಟ್ಟೆ ಮೂಸಿ ಹಿಂದೆ ಸರಿಯತೊಡಗಿದ. ನಿನ್ನನ್ನು ಹಂಬಲಿಸುತ್ತಿದ್ದಾನೆ ಎಂದುಕೊಂಡೆ. ಹಸಿದರೆ ತಾನೇ ತಿನ್ನುತ್ತಾನೆ ಬಿಡು ಎಂದರು ಇವರು.

ನೀನು ಪ್ರತಿ ವಾರ ಅವನ ಫೋಟೋ ಕೇಳುತ್ತಿದ್ದೆ. ಆ ಬಡಕಲು ಮೈಯ ಫೋಟೋ ಕಳಿಸಿದರೆ ನೀನು ಬಾಟಲಿ ಸೂಜಿ ಎಲ್ಲ ಕಿತ್ತು ಹಾಕಿ ಎದ್ದು ಬರುತ್ತೀಯ ಎಂದು ಹೆದರಿದೆ. ನನಗೆ ಬರುವ ವಿದ್ಯೆ ಒಂದೇ. ಉಳಿದ ಉಣ್ಣೆ ಬಟ್ಟೆಯಲ್ಲಿ ಒಂದು ಕೋಟು ಕತ್ತರಿಸಿ, ಅಸ್ತರಿನೊಳಗೆ ಹತ್ತಿ ತುಂಬಿ, ಪಕ್ಕೆಯ ಹತ್ತಿರ ದುಂಡಗೆ ಕಾಣುವ ಹಾಗೆ ನೆರಿಗೆ ಕೊಟ್ಟೆ. ಅದನ್ನು ತೊಡಿಸಿ ಫೋಟೋ ತೆಗೆದು ಕಳಿಸಿದೆ. ನೀನು 'ಕಳ್ಳ, ಕೊಬ್ಬಿಬಿಟ್ಟಿದ್ದಾನೆ, ವಾರ್ಡಿಗೆಲ್ಲ ತೋರಿಸಿದೆ' ಎಂದು ಬರೆದೆ. ಆ ವಾರ ನನಗೂ ನೆಮ್ಮದಿಯಾಗಿತ್ತು ಕಣೇ. ಆಮೇಲೆ ಚಳಿ ಎಂಬ ನೆವದಲ್ಲಿ ಕೋಟು ಅವನ ಮೈಮೇಲೇ ಉಳಿಯಿತು. ಸಡಿಲವಾದಾಗಲೆಲ್ಲ ದಾರ ಎಳೆದು ಇನ್ನಷ್ಟು ಹತ್ತಿ ತುಂಬಿದೆ. ಬರುಬರುತ್ತಾ ನನ್ನ ಕಣ್ಣಿಗೂ ಕೋಟೇ ಕಾಣುತ್ತಿತ್ತು, ನಾಯಿಯಲ್ಲ.

ಒಂದು ಬೆಳಿಗ್ಗೆ ಗಿರಾಕಿ ಬಾಗಿಲು ತಳ್ಳಿದರು, ಹಾರನ್ ಬೊಗಳಲಿಲ್ಲ. ಬಟ್ಟೆಯ ಚೀಲದಲ್ಲೇ ಅವನನ್ನು ಎತ್ತಿಕೊಂಡು ಪಶುವೈದ್ಯರ ಹತ್ತಿರ ಓಡಿದೆ. ಆ ಡಾಕ್ಟರಮ್ಮ ಮುಟ್ಟುವ ಮೊದಲೇ, "ಕೋಟು ಬಿಚ್ಚಿ" ಅಂದರು. ಬಿಚ್ಚಿದೆ. ನಾನೇ ಹಾಕಿದ ಗಂಟು, ಬಿಚ್ಚಲು ಬೆರಳು ಬರಲಿಲ್ಲ. ಅಕ್ಕಾ, ಒಂದೊಂದು ಪಕ್ಕೆಲುಬೂ ಎಣಿಸುವ ಹಾಗಿತ್ತು. ತಕ್ಕಡಿಯಲ್ಲಿ ಒಂದು ಕಿಲೋ ಒಂಬೈನೂರು. ಎಷ್ಟು ದಿನದಿಂದ ಹೀಗಿದ್ದಾನೆ ಎಂದು ಕೇಳಿದರು, ನಾನು ಬಿಚ್ಚಿದ ಕೋಟನ್ನು ಮಡಚಿ ಚೀಲಕ್ಕೆ ತುರುಕಿದೆ.

ಬಾಯಿ ತೆರೆದು ನೋಡಿದರೆ ಹಿಂದಿನ ಒಂದು ಹಲ್ಲು ಮುರಿದು ಕೀವಾಗಿತ್ತು. ಅವನಿಗೆ ಹಸಿವಿತ್ತು, ಅಗಿಯಲು ಆಗುತ್ತಿರಲಿಲ್ಲ, ಅಷ್ಟೆ. ನಾವು ಹಂಬಲ ಎಂದು ಸುಮ್ಮನಿದ್ದೆವು. ಹಲ್ಲು ಕೀಳಲೇಬೇಕಂತೆ, ಆದರೆ ಇಷ್ಟು ಸೊರಗಿದ ಮೈಗೆ ಅರಿವಳಿಕೆ ಕೊಟ್ಟರೆ ಏಳದೇ ಹೋಗಬಹುದಂತೆ. ನೋವಿಗೂ ಕೀವಿಗೂ ಔಷಧಿ ಕೊಟ್ಟು, ಎರಡು ಕಿಲೋ ಇನ್ನೂರಾದ ಮೇಲೆ ಕರೆದುಕೊಂಡು ಬನ್ನಿ ಎಂದರು. ದಿನಕ್ಕೆ ಐದು ಸಲ, ಸ್ವಲ್ಪಸ್ವಲ್ಪವೇ ಮೆತ್ತಗಿನ ಆಹಾರ ಕೊಡಬೇಕು, ನಿಧಾನವಾಗಿ ಹೆಚ್ಚಿಸಬೇಕು ಎಂದೂ ಹೇಳಿದರು. ಕೇಳಿಸಿಕೊಂಡೆ. ತಲೆಗೆ ಹೋಗಲಿಲ್ಲ.

ಬೇಗ ದಪ್ಪ ಮಾಡಿಬಿಡಬೇಕೆಂದು ಮಾರನೆಯ ದಿನ ದೊಡ್ಡ ಉಂಡೆ ಬೆಣ್ಣೆ ಕರಗಿಸಿ ಅನ್ನಕ್ಕೆ ಕಲಸಿ ಇಟ್ಟೆ. ನೆಕ್ಕಿ ನೆಕ್ಕಿ ಖಾಲಿ ಮಾಡಿದ. ನಾನು ಅತ್ತುಬಿಟ್ಟೆ ಸಂತೋಷಕ್ಕೆ. ಮಧ್ಯಾಹ್ನದಿಂದ ವಾಂತಿ, ಭೇದಿ. ಸಂಜೆಯ ಹೊತ್ತಿಗೆ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಅಡ್ಡ ಬಿದ್ದು ಮೈಯೆಲ್ಲ ನಡುಗುತ್ತಿತ್ತು, ಕಣ್ಣು ತೆರೆದಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. ಇವರು ಡಾಕ್ಟರಮ್ಮನಿಗೆ ಫೋನ್ ಮಾಡಿದರು. ಸಕ್ಕರೆ ನೀರನ್ನು ಬೆರಳಲ್ಲಿ ಅದ್ದಿ ಒಸಡಿಗೆ ಸವರಿ, ಬಾಯಿಗೆ ಹುಯ್ಯಬೇಡಿ, ಸವರುತ್ತಲೇ ಕರೆತನ್ನಿ ಎಂದರು. ದಾರಿಯುದ್ದಕ್ಕೂ ಸವರುತ್ತಾ ಹೋದೆ. ಇವನಿಗೇನಾದರೂ ಆದರೆ ನಿನಗೆ ಯಾವ ಮುಖ ಇಟ್ಟುಕೊಂಡು ಬರೆಯಲಿ ಎಂಬುದೊಂದೇ ತಲೆಯಲ್ಲಿ.

ಸೂಜಿ ಚುಚ್ಚಿ, ಡ್ರಿಪ್ ಹಾಕಿ, ಎರಡು ದಿನ ಅಲ್ಲೇ ಇಟ್ಟುಕೊಂಡರು. ಡಾಕ್ಟರಮ್ಮ ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

"ನಿಮ್ಮ ಆತುರಕ್ಕೆ ಅವನ ಹೊಟ್ಟೆ ತಡೆಯಲ್ಲಮ್ಮಾ," ಎಂದರು. "ಇಷ್ಟು ಚಿಕ್ಕ ನಾಯಿಗಳಿಗೆ ಹಸಿವೂ ಅಪಾಯ, ಜಿಡ್ಡೂ ಅಪಾಯ. ವಾರಕ್ಕೆ ಐವತ್ತು ಗ್ರಾಂ ಬಂದರೆ ಸಾಕು. ಕೋಟು ಹಾಕಬೇಡಿ. ದಿನಾ ಬೆರಳಲ್ಲಿ ಪಕ್ಕೆ ಮುಟ್ಟಿ ನೋಡಿ."

ಈಗ ಅವರು ಹೇಳಿದಂತೆಯೇ. ಅವರೇ ಕೊಟ್ಟ ಆಹಾರವನ್ನು ಬಿಸಿನೀರಲ್ಲಿ ನೆನೆಸಿ ಮೆತ್ತಗೆ ಮಾಡುತ್ತೇನೆ. ಜೊತೆಗೆ ಚರ್ಮ ಮೂಳೆ ತೆಗೆದು ಬೇಯಿಸಿದ ಕೋಳಿ ಒಂದು ಚಮಚ. ಉಪ್ಪಿಲ್ಲ, ಈರುಳ್ಳಿಯಿಲ್ಲ, ಎಣ್ಣೆಯಂತೂ ಇಲ್ಲವೇ ಇಲ್ಲ. ಇವರು ಕೆಲಸಕ್ಕೆ ಹೋಗುವ ಮುಂಚೆ ಮೊದಲ ಸರದಿ ತಮ್ಮದು ಎಂದು ನೆಲದ ಮೇಲೆ ಕುಳಿತು ತಿನ್ನಿಸುತ್ತಾರೆ. ಹಸಿದರೆ ತಿನ್ನುತ್ತಾನೆ ಅಂದವರು ಇವರೇ! ಬಟ್ಟಲಲ್ಲಿ ಕೂರಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗುವಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ, ಮುಳ್ಳು ಇವರೇ ಓದಬೇಕು. ಇವತ್ತು ಎರಡು ಕಿಲೋ ನಲವತ್ತು. ಇನ್ನೂ ನೂರ ಅರವತ್ತು ಬರಬೇಕು, ಆಮೇಲೆ ಅರಿವಳಿಕೆ. ಅದನ್ನು ನೆನೆದರೆ ಹೊಲಿದ ಸಾಲಿನ ಮೇಲೇ ಮತ್ತೆ ಹೊಲಿಯುತ್ತಿರುತ್ತೇನೆ. ಆದರೆ ನಿನ್ನೆ ಹಾಲಿನವರನ್ನು ನೋಡಿ ಒಂದು ಸಲ ಬೊಗಳಿದ. ಒಂದೇ ಸಲ, ಸಣ್ಣಗೆ.

ಇದರೊಂದಿಗೆ ಒಂದು ಫೋಟೋ ಇದೆ. ಕೋಟಿಲ್ಲದ ಫೋಟೋ. ನೋಡಿ ಅಳು, ನನ್ನನ್ನು ಬೈ, ಎದ್ದು ಮಾತ್ರ ಬರಬೇಡ. ನಿನ್ನ ಊಟವನ್ನು ಪಕ್ಕದ ಹಾಸಿಗೆಯವರಿಗೆ ದಾಟಿಸುತ್ತಿರುವುದಾಗಿ ತಮಾಷೆಯಾಗಿ ಬರೆದಿದ್ದೀಯ. ನನಗೆ ನಗು ಬರಲಿಲ್ಲ. ಅವನ ಹಾಗೆ ಒಂದೊಂದು ಚಮಚವಾದರೂ ತಿನ್ನು. ನಿನ್ನ ಆಯುಸ್ಸು ಗಟ್ಟಿಯಾಗಿರಲಿ. ಚಿಕ್ಕವಳು ಹರಸಬಾರದು ಅನ್ನುತ್ತಾರೆ, ನಾನು ಹರಸಿಬಿಟ್ಟಿದ್ದೇನೆ. ನೀನೂ ನಮ್ಮ ಮೂವರನ್ನು ಹರಸು.

ಇಂತು ನಿನ್ನ ಪ್ರೀತಿಯ,
ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅವನ ತೂಕ ಬರೆದಿಡಲು ಅಳತೆ ಪುಸ್ತಕ ತೆಗೆದೆ, ತೆರೆದದ್ದು ನಿನ್ನ ಪುಟ. ಹೋದ ವರ್ಷ ಯೂನಿಫಾರಂ ಹೊಲಿದಾಗ ನಿನ್ನ ಸೊಂಟ ಮೂವತ್ತನಾಲ್ಕು. ಆಮೇಲೆ ಮೂವತ್ತೆರಡೂವರೆ, ಮೂವತ್ತೊಂದು, ಇಪ್ಪತ್ತೊಂಬತ್ತು. ಎಲ್ಲ ನನ್ನದೇ ಕೈಬರಹ. ಪ್ರತಿ ಸಲವೂ ನೀನು, "ಜಾರುತ್ತೆ ಕಣೇ, ಸ್ವಲ್ಪ ಹಿಡಿದು ಕೊಡು" ಅಂದೆ. ನಾನು ಗುಂಡುಪಿನ್ನು ಕಚ್ಚಿಕೊಂಡು ಹಿಡಿದು ಹೊಲಿದೆ, ಯಾಕೆ ಎಂದು ಒಂದು ಮಾತು ಕೇಳಲಿಲ್ಲ. ನಿನ್ನನ್ನು ಆಸ್ಪತ್ರೆಗೆ ಸೇರಿಸಿದ ದಿನ, ಒಂದು ವರ್ಷದಿಂದ ತೂಕ ಇಳಿಯುತ್ತಿದೆ, ಮನೆಯವರು ಯಾರೂ ಗಮನಿಸಲಿಲ್ಲವೇ ಎಂದು ದೊಡ್ಡ ಡಾಕ್ಟರು ಕೇಳಿದರು. ನಾನು ಇಲ್ಲ ಎಂದೆ. ನೀನು ನನ್ನ ಮುಖ ನೋಡಿ ಸುಮ್ಮನಾದೆ. ಗಮನಿಸಿದ್ದೆ ಅಕ್ಕಾ. ಅರ್ಧ ಇಂಚೂ ಬಿಡದೆ ಗಮನಿಸಿದ್ದೆ. ಕೇಳಿದರೆ ನೀನು ಏನು ಹೇಳುತ್ತೀಯೋ ಎಂದು ಹೆದರಿದ್ದೆ. ಈ ವಾರ ನಿನ್ನ ತೂಕ ಎಷ್ಟು ಬಂತು, ನಿಜವಾದದ್ದನ್ನೇ ಬರೆ. ಯೂನಿಫಾರಮ್ಮಿನ ಬಟ್ಟೆಯನ್ನು ನಾನು ಕತ್ತರಿಸಿರಲಿಲ್ಲ, ಒಳಗೇ ಮಡಚಿಟ್ಟಿದ್ದೆ. ಹೊಲಿಗೆಯನ್ನೆಲ್ಲ ಬಿಚ್ಚಿ ಮತ್ತೆ ಮೂವತ್ತನಾಲ್ಕು ಮಾಡಿ ಮೊಳೆಗೆ ತೂಗುಹಾಕಿದ್ದೇನೆ.