ಊಟದ ಫಾರಂ ನೋಡಿ ಸೂಜಿ ನಿಲ್ಲಿಸಿದವರಿಗೆ

ರೋಗಿಗಳ ಸುರಕ್ಷತೆಗೆಂದೇ ಈ ದೇಶ ನೇಮಿಸಿರುವ ಮುಖ್ಯಾಧಿಕಾರಿಗಳೇ,

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸೂಜಿಯನ್ನು ನನ್ನ ಅವ್ವನೇ ಬೇಡವೆಂದಳು ಎಂದು ನಿಮ್ಮ ಸುಪರ್ದಿಯ ಆಸ್ಪತ್ರೆಯೊಂದು ಬರೆದುಕೊಂಡಿತು. ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಅವ್ವ ಈಗಿಲ್ಲ. ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಓದಿಸಿಕೊಳ್ಳಲು ದುಭಾಷಿಯನ್ನು ಕರೆಸಿ. ಅವ್ವನ ಹಾಸಿಗೆಯ ಬಳಿಗೆ ಕರೆಸಲಾಗದವರು ನಿಮ್ಮ ಮೇಜಿನ ಬಳಿಗಾದರೂ ಕರೆಸಿ.

ಅವ್ವ ಶಿವಲಿಂಗವ್ವ, ಧಾರವಾಡದವಳು, ಎಪ್ಪತ್ತೆಂಟು ವರ್ಷ. ಸಿಡ್ನಿಯ ಗಿರಾವೀನ್‌ನ ನಮ್ಮ ಮನೆಯೆದುರು ಕಸದ ಬಿನ್ ಎಳೆಯುವಾಗ ಬಿದ್ದು ಸೊಂಟದ ಕೀಲು ಮುರಿದುಕೊಂಡಳು. ವಾರ್ಡಿನಲ್ಲಿ ಊಟದ ಫಾರಂ ಕೊಟ್ಟರು. "ಜೆಲ್ಲಿಯೊಳಗ ಏನೇನೋ ಹಾಕತಾರಂತ. ತತ್ತಿ ಸುದ್ದಾ ಬ್ಯಾಡಂತ ಬರಿಯವ್ವಾ" ಅಂದಳು. ನಾವು ಲಿಂಗಾಯತರು. 'ಪ್ರಾಣಿಮೂಲದ ಯಾವುದೂ ಬೇಡ' ಎಂಬಲ್ಲಿ ಟಿಕ್ ಹಾಕಿದೆ, ಪಕ್ಕದಲ್ಲಿ 'ಧಾರ್ಮಿಕ ಕಾರಣ' ಎಂದೂ ಬರೆದೆ. ಆ ಸೂಜಿಯ ಔಷಧಿ ಹಂದಿಯ ಕರುಳಿನಿಂದ ತಯಾರಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ನಿಮ್ಮವರಿಗೆ ಗೊತ್ತಿತ್ತು. ಟಿಕ್ ನೋಡಿದರು, ಸೂಜಿ ನಿಲ್ಲಿಸಿದರು, ಚಾರ್ಟಿನಲ್ಲಿ 'ರೋಗಿ ನಿರಾಕರಿಸಿದ್ದಾರೆ' ಎಂದು ಬರೆದು ಕೈತೊಳೆದುಕೊಂಡರು. ಆಹಾ, ನಮ್ಮ ಸಂಸ್ಕೃತಿಯ ಮೇಲೆ ಅದೆಷ್ಟು ಗೌರವ! ಧರ್ಮಕ್ಕೆ ಇಷ್ಟೊಂದು ಮರ್ಯಾದೆ ಕೊಟ್ಟವರಿಗೆ ಆ ಮುದುಕಿಯನ್ನು ಒಂದು ಪ್ರಶ್ನೆ ಕೇಳುವ ಪುರುಸೊತ್ತಿರಲಿಲ್ಲವೇ?

ಆಪರೇಷನ್ ಚೆನ್ನಾಗಿಯೇ ಆಯಿತು. ಮೂರನೆಯ ದಿನ ಪಕ್ಕದ ಹಾಸಿಗೆಯ ಅಜ್ಜಿಯನ್ನು ತೋರಿಸಿ ಅವ್ವ ನಕ್ಕಳು: "ಆಕಿಗೆ ದಿನಾ ಹೊಟ್ಟಿಗೆ ಸೂಜಿ ಚುಚ್ಚತಾರ, ನನಗ ಬಿಟ್ಟಾರ ನೋಡು. ನಾ ಅಂದ್ರ ಭಾಳ ಪ್ರೀತಿ ಇವರಿಗೆ!" ನಾನೂ ನಕ್ಕೆ. ಮರುದಿನ, "ಮೀನಖಂಡ ಬಿಗದೈತಿ, ಕಾಲು ಕಲ್ಲಾಗೇತಿ" ಅಂದಳು. ನರ್ಸ್‌ಗೆ ಹೇಳಿದೆ. "ಆಪರೇಷನ್ ಆದಮೇಲೆ ಊತ ಸಹಜ, ಡಾರ್ಲಿಂಗ್" ಎಂಬ ಉತ್ತರ ಬಂತು. ಆರನೆಯ ದಿನ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟಳು. "ಉಸಿರು ಸಿಗವಲ್ದು, ಶ್ವೇತಾ." ಕಾಲಿನ ಹೆಪ್ಪು ಶ್ವಾಸಕೋಶ ಸೇರಿತ್ತು.

ಕೇಳಿದ್ದರೆ ಅವ್ವ ಏನನ್ನುತ್ತಿದ್ದಳು? ಹಂದಿಯದು ಬೇಡ ಎನ್ನುತ್ತಿದ್ದಳೇನೋ, ನಾನು ಸುಳ್ಳು ಹೇಳುವುದಿಲ್ಲ. ಆದರೆ ಪ್ರಾಣಿಯ ಅಂಶವೇ ಇಲ್ಲದ ಬೇರೆ ಔಷಧಿಗಳಿವೆ, ಮಾತ್ರೆಗಳೂ ಇವೆ ಎಂದು ನಿಮ್ಮ ವೈದ್ಯರೇ ಆಮೇಲೆ ಒಪ್ಪಿಕೊಂಡರು. ಯಾವಾಗ? ಶವದ ಕಾಗದಕ್ಕೆ ನಾನು ಸಹಿ ಮಾಡುವಾಗ! ಸೊಂಟ ಮುರಿದು ಮಲಗಿದವರಲ್ಲಿ ರಕ್ತ ಹೆಪ್ಪುಗಟ್ಟುತ್ತದೆಂಬುದು ನಿಮಗೆ ಹೊಸ ಸುದ್ದಿಯೇ?

ನಿನ್ನೆ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಟ್ರಾಮ್ ಇಳಿಯುವಾಗ ನನ್ನ ತಂಗಿ ಚಿನ್ಮಯಿಯ ಅತ್ತೆ ಮಲ್ಲವ್ವ ಬಿದ್ದರು. ಮುರಿದದ್ದು ಅದೇ ಕೀಲು. ಅಲ್ಲಿ ಕೊಟ್ಟದ್ದೂ ಅಂಥದೇ ಫಾರಂ. ತಂಗಿ ಫೋನ್ ಮಾಡುವಷ್ಟರಲ್ಲಿ ಅವಳ ಗಂಡ ಟಿಕ್ ಹಾಕಿಯಾಗಿತ್ತು. ಸೂಜಿ ಕೊಟ್ಟಿದ್ದೀರಾ ಎಂದು ತಂಗಿ ವಾರ್ಡಿನವರನ್ನು ಕೇಳಿದರೆ, ಫಾರ್ಮಸಿಯವರು ಸೋಮವಾರ ಬಂದು ನೋಡುತ್ತಾರಂತೆ. ಇಂದು ಶುಕ್ರವಾರ. ಹೆಪ್ಪುಗಟ್ಟುವ ರಕ್ತಕ್ಕೆ ವಾರಾಂತ್ಯದ ರಜೆ ಉಂಟೇ?

ಊಟದ ಫಾರಂ ಅಡುಗೆಮನೆ ದಾಟಬಾರದು. ಔಷಧಿ ಬೇಕೋ ಬೇಡವೋ ಎಂದು ರೋಗಿಯನ್ನೇ, ಅವರ ಭಾಷೆಯಲ್ಲೇ ಕೇಳಬೇಕು. ಬೇಡವೆಂದರೆ ಅವತ್ತೇ ಬೇರೆಯದನ್ನು ಕೊಡಬೇಕು. ಸಮಿತಿ, ವರದಿ, ಸಂತಾಪ ಎಲ್ಲ ಆಮೇಲೆ. ಮೊದಲು ಮಲ್ಲವ್ವನವರ ವಾರ್ಡಿಗೆ ಫೋನ್ ಮಾಡಿ. ಈಗಷ್ಟೇ ಮಲ್ಲವ್ವ ನನ್ನೊಡನೆ ಮಾತಾಡಿದರು: "ನೋವೇನಿಲ್ಲವ್ವಾ, ಕಾಲಷ್ಟ ಭಾರ ಆಗೇತಿ."

ಇಂತಿ,
ಕೇಳಬೇಕಾದ್ದನ್ನು ತಾನೂ ಕೇಳದೆ ಹೋದ ಮಗಳು,
ಮಹಾಶ್ವೇತಾ