ಕಪ್ಪು ಕಿಟಕಿಯ ಮೂರನೆಯ ಸಾಲು

ಕಸೂತಿ ಯಂತ್ರದ ಕೋಣೆ,
ಮಂಗಳವಾರ, ಮಧ್ಯಾಹ್ನ ನಾಲ್ಕು ಗಂಟೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕುರ್ಚಿಯಲ್ಲಿ ಕಾಲು ಮಡಚಿ ಕೂರಬೇಡ ಎಂದು ಅಮ್ಮ ಈಗಲೂ ನಿನ್ನ ಖಾಲಿ ಕುರ್ಚಿಗೆ ಬೈಯುತ್ತಾಳೆ. ಅವಳ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಸೂಜಿಗೆ ತಾನೇ ದಾರ ಪೋಣಿಸಿ ಬಂದವರಿಗೆಲ್ಲ ತೋರಿಸುತ್ತಾಳೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಬರೆಯಲು ಕೈ ಬರುತ್ತಿಲ್ಲ.

ಹೋದ ವರ್ಷ ಹಳೆಯ ಕಸೂತಿ ಯಂತ್ರ ಕೈಕೊಟ್ಟು ಹೊಸದು ಬಂದಾಗ, ಅದು ವಿಂಡೋಸ್ ಬಿಟ್ಟು ಬೇರೆ ಯಾವುದರ ಮಾತೂ ಕೇಳುವುದಿಲ್ಲ ಎಂದು ತಿಳಿದು ನಾನು ಅತ್ತಿದ್ದು ನೆನಪಿದೆಯಾ? ಅಪ್ಪ ಇಪ್ಪತ್ತು ವರ್ಷ ಕೂತು ಬರೆದ ಪ್ರೋಗ್ರಾಮುಗಳೆಲ್ಲ ಯುನಿಕ್ಸಿನವು, ವಿಂಡೋಸಿಗೆ ಅವುಗಳ ಭಾಷೆಯೇ ಬರದು. ಕಾಗದದ ಮೇಲಿನ ಬಳ್ಳಿಯನ್ನು ಹೊಲಿಗೆ ಹೊಲಿಗೆಯಾಗಿ ಬಿಡಿಸಿಕೊಡುವ ಅವು ಇಲ್ಲದಿದ್ದರೆ ನಮ್ಮದೂ ಒಂದು ಅಂಗಡಿಯೇ? ಆಗ ನೀನು ಮೂರು ದಿನ ಜಪ್ಪಯ್ಯ ಅಂದರೂ ಏಳದೆ ಕೂತು, ವಿಂಡೋಸಿನ ಒಳಗೇ ಒಂದು ಕಪ್ಪು ಕಿಟಕಿ ತೆರೆದು, ಅದರಲ್ಲಿ ಅಪ್ಪನ ಪ್ರೋಗ್ರಾಮುಗಳನ್ನು ಓಡಿಸಿ ತೋರಿಸಿದೆ. "ಹೆದ್ರಬೇಡ ಕಣೇ, ಅತ್ತೆ-ಸೊಸೆ ಥರ ಇದು. ಮನೆ ಒಂದೇ, ಒಲೆ ಬೇರೆ ಬೇರೆ" ಅಂದೆ. ನಾನು ನಕ್ಕು ನಕ್ಕು ಸುಸ್ತಾಗಿದ್ದೆ. ಎರಡು ತಿಂಗಳಿಗೆ "ದಾರದ ಸಹವಾಸ ಸಾಕಾಯ್ತು" ಎಂದು ನೀನು ಹೊರಟಾಗಲೂ ಬೇಸರಪಟ್ಟೆನೇ ಹೊರತು ಸಂಶಯಪಡಲಿಲ್ಲ.

ಕಳೆದ ವಾರ ಪರದೆ ಅಂಗಡಿಯಾಕೆ ಯಾವುದೋ ದೊಡ್ಡ ಕಂಪನಿಯ ಪರದೆಯೊಂದನ್ನು ತಂದು ಮೇಜಿನ ಮೇಲೆ ಹರಡಿದಳು. ಅದರ ತುಂಬ, ನಾನಿನ್ನೂ ಹೊರಗಿನವರಿಗೆ ತೋರಿಸಿಯೇ ಇರದ ದ್ರಾಕ್ಷಿ ಬಳ್ಳಿ! ಏಳನೆಯ ಎಲೆ ತಲೆಕೆಳಗಾಗಿತ್ತು. ಕಚ್ಚಾ ನಕ್ಷೆ ತಪ್ಪಿಯೂ ಗಿರಾಕಿಗೆ ಹೋಗಬಾರದೆಂದು, ಮಾದರಿ ಬಟ್ಟೆ ನೋಡಿ ಒಪ್ಪುವ ತನಕ ಒಂದು ಎಲೆಯನ್ನು ತಲೆಕೆಳಗಾಗಿಡುವುದು ಅಪ್ಪನ ಪದ್ಧತಿ. ಅಪ್ಪ ಹೋದ ಮೇಲೆ ಅದು ಗೊತ್ತಿರುವುದು ಅಮ್ಮ, ನೀನು, ನಾನು ಮೂವರಿಗೇ.

ಅವಳು ಹೋದ ಮೇಲೆ, ನೀನೇ ಬರೆದುಕೊಟ್ಟ ನೋಟುಪುಸ್ತಕ ಪಕ್ಕದಲ್ಲಿಟ್ಟುಕೊಂಡು ಕಪ್ಪು ಕಿಟಕಿಯಲ್ಲಿ ತಾನಾಗಿಯೇ ನಡೆಯುವ ಕೆಲಸಗಳ ಪಟ್ಟಿ ತೆರೆದೆ. ಮೊದಲ ಸಾಲು ನಕ್ಷೆಗಳ ಪ್ರತಿ ತೆಗೆದಿಡುತ್ತದೆ, ಎರಡನೆಯದು ಬೇಡದ ಫೈಲುಗಳ ಕಸ ಗುಡಿಸುತ್ತದೆ. ಮೂರನೆಯದು ನೋಟುಪುಸ್ತಕದಲ್ಲಿಲ್ಲ. ಅದು ದಿನಾ ಸಂಜೆ ಐದಕ್ಕೆ, ನಾನು ಹೊಸದಾಗಿ ಉಳಿಸಿದ್ದನ್ನೆಲ್ಲ ಹೊರಗಿನ ಯಾವುದೋ ಕಂಪ್ಯೂಟರಿಗೆ ಕಳಿಸುತ್ತದೆ. ನಿನ್ನನ್ನು ಬಿಟ್ಟು ಇದನ್ನು ಮುಟ್ಟಿದವರಾರು? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಹತ್ತಿರ ಹೇಳಿಕೊಳ್ಳಲಿ? ಕೇಳಿದ್ದರೆ ಕೊಡುತ್ತಿದ್ದೆನಲ್ಲೋ, ಅಪ್ಪನದರಲ್ಲಿ ಅರ್ಧ ನಿನ್ನದೇ ತಾನೇ. ದಿನಾ ಅದೇ ಐದು ಗಂಟೆಗೆ ಚಹಾ ಹಿಡಿದುಕೊಂಡು, ನಮ್ಮಣ್ಣ ಎಷ್ಟು ಚೆನ್ನಾಗಿ ಮಾಡಿಕೊಟ್ಟು ಹೋದ ಎಂದು ಅಮ್ಮನ ಮುಂದೆ ಹೊಗಳುತ್ತಿದ್ದೆ.

ಅಮ್ಮನಿಗೆ ಏನೂ ಹೇಳಿಲ್ಲ. ಹಾಗಾಗಿ ಅವಳ ಆಶೀರ್ವಾದ ಮೊದಲಿನಂತೆಯೇ ಇದೆ, ತೆಗೆದುಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ತಂಗಿ

ತಾ.ಕ.: ಐದಕ್ಕೆ ಇನ್ನು ಹತ್ತೇ ನಿಮಿಷ. ನಿನ್ನ ಈಗಿನ ವಿಳಾಸ ನನ್ನಲ್ಲಿಲ್ಲ, ಫೋನು ನೀನು ಎತ್ತುವುದಿಲ್ಲ. ಅದಕ್ಕೇ ಈ ಪತ್ರವನ್ನು ಹೊಸ ನಕ್ಷೆಗಳ ಜೊತೆಯಲ್ಲೇ ಉಳಿಸುತ್ತಿದ್ದೇನೆ, ಅವು ಹೋಗುವಲ್ಲಿಗೇ ಇದೂ ಹೋಗುತ್ತದೆ. ಮೂರನೆಯ ಸಾಲನ್ನು ನಾಳೆ ಅಳಿಸುತ್ತೇನೆ, ಇವತ್ತೊಂದು ದಿನ ಇರಲಿ. ಕದ್ದವನು ನೀನಾಗಿದ್ದರೆ ಆ ಎಲೆಯನ್ನಾದರೂ ನೇರ ಮಾಡಿರುತ್ತಿದ್ದೆ ಎಂದು ಒಂದು ಮನಸ್ಸು ಇನ್ನೂ ಹೇಳುತ್ತಿದೆ. ಅಣ್ಣಾ, ಈ ಪತ್ರ ನಿನಗೆ ತಲುಪದಿರಲಿ.